ಎದುರಿಗಿರುವ ಸರ್ವರ್ ಯಾವುದು? ಪ್ಯಾರಾಮಿಕೊ ಲೈಬ್ರರಿಯ ಕುರಿತು ಉಡುಪಿಯಲ್ಲಿ ಆಡಿದ ಮಾತು

ಉಡುಪಿಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಸಣ್ಣ ಕಚೇರಿಗಳ ಸರ್ವರ್ ನೋಡಿಕೊಳ್ಳುವವರೂ ಸೇರಿದ್ದ ಸಭೆಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಪರದೆ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪೈಥಾನ್‌ನಿಂದ ದೂರದ ಸರ್ವರಿಗೆ ಸಂಪರ್ಕ ಮಾಡುವ ಕೋಡು ನಿಮ್ಮಲ್ಲಿ ಹಲವರು ಬರೆದಿದ್ದೀರಿ. ಎಸ್‌ಎಸ್‌ಎಚ್ ಎಂದರೆ ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ಪ್ರೋಟೊಕಾಲ್, ಅದನ್ನು ಪೈಥಾನ್‌ನಲ್ಲಿ ಬಳಸಲು ಇರುವ ಲೈಬ್ರರಿ ಪ್ಯಾರಾಮಿಕೊ. ಹೆಚ್ಚಿನವರ ಕೋಡು ಐದು ಸಾಲಿನದ್ದು. ಪ್ಯಾರಾಮಿಕೊದ ಎಸ್‌ಎಸ್‌ಎಚ್‌ಕ್ಲೈಂಟ್ ಎಂಬ ಕ್ಲಾಸಿನಿಂದ ಒಂದು ಆಬ್ಜೆಕ್ಟ್ ಮಾಡುವುದು, ಅದಕ್ಕೆ ಆಟೋ ಆ್ಯಡ್ ಪಾಲಿಸಿ ಕೊಡುವುದು, ಕನೆಕ್ಟ್ ಮಾಡುವುದು, ಕಮಾಂಡ್ ಓಡಿಸುವುದು, ಮುಚ್ಚುವುದು. ಎರಡನೇ ಸಾಲು ಯಾಕೆ ಉಂಟು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: "ಅದು ಹಾಕದಿದ್ರೆ ಎರರ್ ಬರ್ತದೆ ಸರ್."

ಹೌದು, ಬರುತ್ತದೆ. ಇವತ್ತಿನ ನನ್ನ ಮಾತೆಲ್ಲ ಆ ಎರರ್ ಸುತ್ತಲೇ ಇರುತ್ತದೆ. ಗೂಢಲಿಪಿಯ ಗಣಿತವನ್ನೆಲ್ಲ ಲೈಬ್ರರಿ ತಾನೇ ನೋಡಿಕೊಳ್ಳುತ್ತದೆ. ನಮ್ಮ ಹತ್ತಿರ ಅದು ಕೇಳುವುದು ಒಂದೇ ಪ್ರಶ್ನೆ: ಎದುರಿಗಿರುವುದು ನೀವು ಹುಡುಕಿಕೊಂಡು ಬಂದ ಸರ್ವರೇ ಹೌದೇ? ಆ ಎರಡನೇ ಸಾಲು ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿಸದೆ ಉತ್ತರ ಕೊಡುವುದು ಹೇಗೆ ಎಂದು ಇವತ್ತು ನೋಡೋಣ. ಮಾತಿನುದ್ದಕ್ಕೂ ಒಂದೇ ಉದಾಹರಣೆ ಸಾಕು. ಒಂದು ಸಹಕಾರಿ ಸಂಘದ ಲೆಕ್ಕದ ಡೇಟಾಬೇಸ್ ಪ್ರತಿ ರಾತ್ರಿ ಕಚೇರಿಯಿಂದ ದೂರದ ಸರ್ವರಿಗೆ ಬ್ಯಾಕಪ್ ಹೋಗಬೇಕು, ಆ ಸ್ಕ್ರಿಪ್ಟನ್ನು ನೀವು ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ.

ಮೊದಲು ಸ್ವಲ್ಪ ಚರಿತ್ರೆ. 1995ರವರೆಗೆ ದೂರದ ಯಂತ್ರಕ್ಕೆ ಲಾಗಿನ್ ಆಗಲು ಟೆಲ್‌ನೆಟ್, ಆರ್‌ಲಾಗಿನ್, ಆರ್‌ಎಸ್‌ಎಚ್ ಬಳಕೆಯಲ್ಲಿದ್ದವು. ಟೆಲ್‌ನೆಟ್‌ನಲ್ಲಿ ನೀವು ಒತ್ತಿದ ಒಂದೊಂದು ಅಕ್ಷರವೂ, ಪಾಸ್‌ವರ್ಡ್ ಸಹಿತ, ಇದ್ದ ಹಾಗೆಯೇ ತಂತಿಯಲ್ಲಿ ಹೋಗುತ್ತಿತ್ತು. ಆ ವರ್ಷ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳುತ್ತಿದ್ದದ್ದು ಪತ್ತೆಯಾಯಿತು. ಅಲ್ಲಿ ಸಂಶೋಧಕರಾಗಿದ್ದ ಟಾಟು ಉಲೊನೆನ್ ಅದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್ ಬರೆದರು. ಅದೇ ವರ್ಷದ ಜುಲೈಯಲ್ಲಿ ಎಲ್ಲರ ಬಳಕೆಗೂ ಬಿಟ್ಟರು. ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23 ಪೋರ್ಟ್ ಇದ್ದವು. ನಡುವಿನ 22ನ್ನು ಅವರು ಕೇಳಿ ಪಡೆದರು. 1999ರ ಡಿಸೆಂಬರಿನಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮಿನ 2.6ರ ಜೊತೆ ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತ ಎಸ್‌ಎಸ್‌ಎಚ್ ತಂತ್ರಾಂಶ ಬಂತು. ಇವತ್ತು ನಾವು ಮುಟ್ಟುವ ಲಿನಕ್ಸ್ ಸರ್ವರುಗಳಲ್ಲಿ ಹೆಚ್ಚಾಗಿ ಓಡುತ್ತಿರುವುದು ಅದೇ. ಎಸ್‌ಎಸ್‌ಎಚ್‌ನ ಎರಡನೇ ಆವೃತ್ತಿ 2006ರ ಜನವರಿಯಲ್ಲಿ ಆರ್‌ಎಫ್‌ಸಿ ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಗಳಾಗಿ ಪ್ರಕಟವಾಯಿತು.

ಆ ದಾಖಲೆಗಳನ್ನು ಒಮ್ಮೆಯಾದರೂ ತೆರೆದು ನೋಡಿ ಎಂದು ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳುತ್ತೇನೆ. ಆರ್‌ಎಫ್‌ಸಿ 4251 ಒಟ್ಟು ರಚನೆಯನ್ನು ಹೇಳುತ್ತದೆ. 4253 ಕೆಳಗಿನ ಪದರ: ಕೀ ವಿನಿಮಯ, ಗೂಢಲಿಪೀಕರಣ, ಸರ್ವರಿನ ಗುರುತು. 4252 ಅದರ ಮೇಲಿನದ್ದು: ಬಳಕೆದಾರ ಯಾರು ಎಂಬುದು. 4254 ಎಲ್ಲಕ್ಕಿಂತ ಮೇಲೆ: ಒಂದೇ ಸಂಪರ್ಕದೊಳಗೆ ಹಲವು ಚಾನೆಲ್, ಅಂದರೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ದಾರಿ, ತೆರೆಯುವುದು. ಈಗ ಪ್ಯಾರಾಮಿಕೊದ ಕ್ಲಾಸುಗಳನ್ನು ಇದರ ಪಕ್ಕ ಇಟ್ಟು ನೋಡಿ. ಟ್ರಾನ್ಸ್‌ಪೋರ್ಟ್ ಎಂಬ ಕ್ಲಾಸ್ ಕೆಳಗಿನ ಪದರವನ್ನು ಹೊತ್ತಿದೆ. ಚಾನೆಲ್ ಎಂಬ ಕ್ಲಾಸ್ ಮೇಲಿನದ್ದನ್ನು. ಕೀಗಳಿಗೆ ಪಿಕೀ ಎಂಬ ಮೂಲ ಕ್ಲಾಸ್ ಇದೆ. ಆರ್‌ಎಸ್‌ಎ, ಇಸಿಡಿಎಸ್‌ಎ, ಇಡಿ25519 ಕೀಗಳ ಕ್ಲಾಸುಗಳೆಲ್ಲ ಅದರಿಂದ ಇಳಿದು ಬಂದವು. ನಾವು ದಿನಾ ಬಳಸುವ ಎಸ್‌ಎಸ್‌ಎಚ್‌ಕ್ಲೈಂಟ್ ಇವೆಲ್ಲದರ ಮುಂದೆ ನಿಂತು ಕೆಲಸ ಹಂಚುತ್ತದೆ, ಅಷ್ಟೆ. ಆಬ್ಜೆಕ್ಟ್ ಓರಿಯೆಂಟೆಡ್ ವಿನ್ಯಾಸವನ್ನು ಪಾಠದಲ್ಲಿ ಪ್ರಾಣಿ, ನಾಯಿ, ಬೆಕ್ಕು ಎಂದು ಕಲಿತವರಿಗೆ ಇದಕ್ಕಿಂತ ಒಳ್ಳೆಯ ಓದು ಸಿಗಲಿಕ್ಕಿಲ್ಲ. ಇಲ್ಲಿ ಕ್ಲಾಸುಗಳ ಗಡಿ ಪ್ರೋಟೊಕಾಲಿನ ಗಡಿಯ ಮೇಲೆಯೇ ಬಿದ್ದಿದೆ.

ಎಲ್ಲ ಲೈಬ್ರರಿಗಳೂ ಹೀಗೆ ಕತ್ತರಿಸುವುದಿಲ್ಲ. ಪಿಎಚ್‌ಪಿಯಲ್ಲಿ ಬರೆಯುವವರು ಪಿಎಚ್‌ಪಿಸೆಕ್‌ಲಿಬ್ ನೋಡಿರಬಹುದು. ಅದರಲ್ಲಿ ಎಸ್‌ಎಫ್‌ಟಿಪಿ ಕ್ಲಾಸ್ ಎಸ್‌ಎಸ್‌ಎಚ್2 ಕ್ಲಾಸಿನಿಂದ ಇನ್‌ಹೆರಿಟ್ ಆಗಿದೆ. ಅಂದರೆ ಫೈಲ್ ಕಳಿಸುವ ಆಬ್ಜೆಕ್ಟೇ ಸಂಪರ್ಕವೂ ಹೌದು. ಪ್ಯಾರಾಮಿಕೊದಲ್ಲಿ ಎಸ್‌ಎಫ್‌ಟಿಪಿಕ್ಲೈಂಟ್ ಬೇರೆ ಆಬ್ಜೆಕ್ಟ್, ಅದು ಒಂದು ಚಾನೆಲನ್ನು ಪಡೆದುಕೊಂಡು ಅದರ ಮೇಲೆ ಕೆಲಸ ಮಾಡುತ್ತದೆ. ನನಗೆ ಎರಡನೆಯದೇ ಸರಿ ಕಾಣುತ್ತದೆ. ಎಸ್‌ಎಫ್‌ಟಿಪಿ ಎನ್ನುವುದು ನಿಜಕ್ಕೂ ಒಂದು ಚಾನೆಲಿನ ಮೇಲೆ ಓಡುವ ಉಪವ್ಯವಸ್ಥೆ. ನಮ್ಮ ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಒಂದೇ ಸಂಪರ್ಕದೊಳಗೆ ಒಂದು ಚಾನೆಲಿನಲ್ಲಿ ಫೈಲ್ ಹೋಗುತ್ತಿರುವಾಗ ಇನ್ನೊಂದರಲ್ಲಿ ಡಿಸ್ಕಿನಲ್ಲಿ ಜಾಗ ಎಷ್ಟಿದೆ ಎಂದು ಕೇಳಬಹುದು. ಅದು ಕೋಡು ಓದುವಾಗಲೇ ಕಾಣುವಂತಿರಬೇಕು.

ಈಗ ಮುಖ್ಯ ಭಾಗಕ್ಕೆ ಬರೋಣ. ಸಂಪರ್ಕ ಕೂಡುವಾಗ ಒಳಗೆ ಏನಾಗುತ್ತದೆ? ಎರಡೂ ಕಡೆಯವರು ಮೊದಲು ತಮ್ಮ ಆವೃತ್ತಿಯನ್ನು ಹೇಳಿಕೊಳ್ಳುತ್ತಾರೆ, ಯಾವ ಅಲ್ಗಾರಿದಂ ಬಳಸೋಣ ಎಂದು ಒಪ್ಪಿಕೊಳ್ಳುತ್ತಾರೆ. ಆಮೇಲೆ ಡಿಫಿ ಮತ್ತು ಹೆಲ್ಮನ್ 1976ರಲ್ಲಿ ಪ್ರಕಟಿಸಿದ ಉಪಾಯದ ಯಾವುದಾದರೊಂದು ರೂಪದಿಂದ, ನಡುವೆ ಕೇಳುತ್ತಿರುವವನಿಗೆ ಸಿಗದ ಹಾಗೆ ಇಬ್ಬರಲ್ಲೂ ಒಂದೇ ರಹಸ್ಯ ಹುಟ್ಟುತ್ತದೆ. ಇಷ್ಟಕ್ಕೇ ಸುರಕ್ಷಿತವಾಯಿತು ಎಂದು ತಿಳಿಯುವುದು ದೊಡ್ಡ ತಪ್ಪು. ಬರೀ ಕೇಳುವವನಿಗೆ ರಹಸ್ಯ ಸಿಗುವುದಿಲ್ಲ, ಸರಿ. ನಡುವೆ ಕೂತು ಎರಡೂ ಕಡೆಗೆ ಮಾತಾಡುವವನಿಗೆ? ಅವನು ನಿಮ್ಮ ಜೊತೆ ಒಂದು ರಹಸ್ಯ ಮಾಡಿಕೊಳ್ಳುತ್ತಾನೆ, ಸರ್ವರಿನ ಜೊತೆ ಇನ್ನೊಂದು. ನಿಮ್ಮ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇದನ್ನು ತಡೆಯುವುದು ಹೋಸ್ಟ್ ಕೀ, ಅಂದರೆ ಸರ್ವರಿನ ಗುರುತಿನ ಕೀ ಜೋಡಿ. ಖಾಸಗಿ ಕೀ ಸರ್ವರಿನಲ್ಲೇ ಇರುತ್ತದೆ, ಅದರಿಂದ ಹಾಕಿದ ಸಹಿಯನ್ನು ಎಲ್ಲರಿಗೂ ಕೊಡುವ ಸಾರ್ವಜನಿಕ ಕೀಯಿಂದ ಪರೀಕ್ಷಿಸಬಹುದು. ಇಡೀ ವಿನಿಮಯದ ಸಾರವನ್ನು ಒಂದು ಹ್ಯಾಶ್, ಅಂದರೆ ಲೆಕ್ಕ ಹಾಕಿ ಪಡೆದ ಒಂದು ಚಿಕ್ಕ ಗುರುತು, ಮಾಡಿ, ಸರ್ವರ್ ಅದರ ಮೇಲೆ ತನ್ನ ಖಾಸಗಿ ಹೋಸ್ಟ್ ಕೀಯಿಂದ ಸಹಿ ಹಾಕುತ್ತದೆ. ಲೈಬ್ರರಿ ಸಹಿಯನ್ನು ಪರೀಕ್ಷಿಸುತ್ತದೆ. ಆದರೆ ಯಾವ ಸಾರ್ವಜನಿಕ ಕೀಯನ್ನು ಇಟ್ಟುಕೊಂಡು ಪರೀಕ್ಷಿಸುವುದು? ಸರ್ವರೇ ಕಳಿಸಿದ ಕೀಯನ್ನು. ನಡುವೆ ಕೂತವನೂ ತನ್ನದೇ ಕೀ ಕಳಿಸಿ ತನ್ನದೇ ಸಹಿ ಹಾಕಬಲ್ಲ. ಗಣಿತ ಅಲ್ಲಿಯೂ ಸರಿಯಾಗಿ ತಾಳೆಯಾಗುತ್ತದೆ. ಹಾಗಾಗಿ "ಈ ಕೀ ಆ ಸರ್ವರಿನದ್ದೇ" ಎಂಬ ತಿಳಿವಳಿಕೆ ಸಂಪರ್ಕದ ಹೊರಗಿನಿಂದಲೇ ಬರಬೇಕು.

ನಮ್ಮ ಊರಿನವರಿಗೆ ಇದು ಪಿಗ್ಮಿಯ ಮೂಲಕ ಬೇಗ ಅರ್ಥವಾದೀತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ಮನೆಗೆ, ಅಂಗಡಿಗೆ ಬಂದು ದಿನದ ಹಣ ತೆಗೆದುಕೊಂಡು ಹೋಗುವ ಪದ್ಧತಿ. ರಥಬೀದಿಯ ಅಂಗಡಿಯವರು ದಿನಾ ಬರುವ ಏಜೆಂಟರಿಗೆ ಮುಖ ನೋಡಿಯೇ ಹಣ ಕೊಡುತ್ತಾರೆ. ಒಂದು ದಿನ ಯಾರೋ ಹೊಸಬರು ಬಂದು "ಇನ್ನು ಮುಂದೆ ನಾನು ಬರುವುದು" ಎಂದರೆ ಬ್ರಾಂಚಿಗೆ ಫೋನ್ ಮಾಡಿ ಕೇಳುತ್ತಾರೆ. ಬಂದವರನ್ನೇ "ನೀವು ಬ್ಯಾಂಕಿನವರು ಹೌದಲ್ಲ?" ಎಂದು ಕೇಳಿದರೆ ಅದು ವಿಚಾರಿಸಿದ ಹಾಗೆ ಆಗುವುದಿಲ್ಲ. ಗೊತ್ತಿರುವ ಮುಖಗಳ ಪಟ್ಟಿ ನೋನ್ ಹೋಸ್ಟ್ಸ್ ಎಂಬ ಫೈಲ್. ಬ್ರಾಂಚಿಗೆ ಮಾಡುವ ಫೋನ್ ಎಂದರೆ ಕೀಯ ಫಿಂಗರ್‌ಪ್ರಿಂಟನ್ನು, ಅಂದರೆ ಅದರ ಹ್ಯಾಶನ್ನು, ಬೇರೆ ದಾರಿಯಿಂದ ಪಡೆದು ತಾಳೆ ನೋಡುವುದು.

ಪ್ಯಾರಾಮಿಕೊ ಈ ವಿಚಾರಣೆಯನ್ನು ಹೇಗೆ ಕೂರಿಸಿದೆ ಎಂದು ಹತ್ತಿರದಿಂದ ನೋಡಿ. ಕನೆಕ್ಟ್ ಎಂದಾಗ ಕ್ಲೈಂಟ್ ತನ್ನ ಪಟ್ಟಿಯಲ್ಲಿ ಆ ಸರ್ವರಿನ ಹೆಸರು ಉಂಟೇ ಎಂದು ಹುಡುಕುತ್ತದೆ. ಹೆಸರು ಇದ್ದು ಕೀ ಬೇರೆ ಬಂದರೆ ಬ್ಯಾಡ್ ಹೋಸ್ಟ್ ಕೀ ಎಂಬ ಎಕ್ಸೆಪ್ಷನ್ ಎದ್ದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ನೀವು ಯಾವ ಪಾಲಿಸಿ ಕೊಟ್ಟಿದ್ದರೂ ಇದು ಬದಲಾಗುವುದಿಲ್ಲ. ಹೆಸರೇ ಇಲ್ಲದಿದ್ದರೆ ಮಾತ್ರ ಪಾಲಿಸಿ ಆಬ್ಜೆಕ್ಟನ್ನು ಕರೆಯುತ್ತದೆ. ಮಿಸ್ಸಿಂಗ್ ಹೋಸ್ಟ್ ಕೀ ಪಾಲಿಸಿ ಎಂಬ ಮೂಲ ಕ್ಲಾಸಿಗೆ ಮೂರು ಸಿದ್ಧ ಮಕ್ಕಳಿದ್ದಾರೆ. ರಿಜೆಕ್ಟ್ ಪಾಲಿಸಿ ನಿರಾಕರಿಸುತ್ತದೆ. ನಾವು ಏನೂ ಹೇಳದಿದ್ದರೆ ಬಳಕೆಯಾಗುವುದು ಇದೇ. ವಾರ್ನಿಂಗ್ ಪಾಲಿಸಿ ಒಂದು ಎಚ್ಚರಿಕೆ ಬರೆದು ಒಳಗೆ ಬಿಡುತ್ತದೆ. ಆಟೋ ಆ್ಯಡ್ ಪಾಲಿಸಿ ಸುಮ್ಮನೆ ಪಟ್ಟಿಗೆ ಸೇರಿಸಿ ಒಳಗೆ ಬಿಡುತ್ತದೆ.

ಇಲ್ಲಿಯೇ ಆ ಐದು ಸಾಲಿನ ಕೋಡಿನ ಅಪಾಯ ಇರುವುದು. ಆಟೋ ಆ್ಯಡ್ ಎಂದರೆ ಮೊದಲ ಸಲ ನಂಬಿ, ಆಮೇಲೆ ಬದಲಾದರೆ ಕೂಗುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಅರ್ಧ ನಿಜ. ಲೋಡ್ ಹೋಸ್ಟ್ ಕೀಸ್ ಎಂಬ ಮೆಥಡಿನಿಂದ ಒಂದು ಫೈಲನ್ನು ಓದಿಸಿದ್ದರೆ ಮಾತ್ರ ಹೊಸ ಕೀ ಆ ಫೈಲಿಗೆ ಬರೆಯಲ್ಪಡುತ್ತದೆ. ಆ ಐದು ಸಾಲಿನಲ್ಲಿ ಅಂಥ ಕರೆಯೇ ಇಲ್ಲ! ಪಟ್ಟಿ ಇರುವುದು ಬರೀ ಮೆಮೊರಿಯಲ್ಲಿ, ಸ್ಕ್ರಿಪ್ಟ್ ಮುಗಿದ ಕೂಡಲೇ ಅಳಿಸಿ ಹೋಗುತ್ತದೆ. ನಾಳೆ ರಾತ್ರಿ ಮತ್ತೆ ಮೊದಲ ಸಲ, ನಾಡಿದ್ದು ಮತ್ತೆ ಮೊದಲ ಸಲ. ಅಂದರೆ ಆ ಬ್ಯಾಕಪ್ ಸ್ಕ್ರಿಪ್ಟ್ ಓಡಿದಷ್ಟು ವರ್ಷವೂ ಸರ್ವರಿನ ಗುರುತನ್ನು ಒಮ್ಮೆಯೂ ಪರೀಕ್ಷಿಸಿರುವುದಿಲ್ಲ. ಇದು ನನಗೆ ಬಹಳ ಕಳವಳದ ವಿಷಯ. ಬರೆದವರು ಎಸ್‌ಎಸ್‌ಎಚ್ ಬಳಸಿದ್ದೇವೆ ಎಂದು ನೆಮ್ಮದಿಯಿಂದ ಇರುತ್ತಾರೆ, ಸಂಘದ ಸದಸ್ಯರಿಗೆ ಹಾಗೆಂದೇ ಹೇಳಿರುತ್ತಾರೆ.

ಸರಿಯಾದ ದಾರಿ ಕಷ್ಟದ್ದೇನೂ ಅಲ್ಲ. ಎರಡನೇ ಸಾಲನ್ನು ತೆಗೆಯಿರಿ, ರಿಜೆಕ್ಟ್ ಪಾಲಿಸಿ ತಾನಾಗಿಯೇ ಬರುತ್ತದೆ. ಅದರ ಜಾಗದಲ್ಲಿ ಸ್ಕ್ರಿಪ್ಟಿನದ್ದೇ ಆದ ಒಂದು ನೋನ್ ಹೋಸ್ಟ್ಸ್ ಫೈಲನ್ನು ಲೋಡ್ ಮಾಡಿಸಿ. ಆ ಫೈಲಿಗೆ ಕೀ ಬರಬೇಕಾದದ್ದು ಸರ್ವರಿನ ಕನ್ಸೋಲಿನಿಂದ. ಕ್ಲೌಡ್ ಕಂಪನಿಯ ವೆಬ್ ಕನ್ಸೋಲ್ ತೆರೆದೋ, ಯಂತ್ರದ ಎದುರು ಕೂತೋ, ಎಸ್‌ಎಸ್‌ಎಚ್ ಕೀಜೆನ್ ಕಮಾಂಡಿಗೆ ಸಾರ್ವಜನಿಕ ಹೋಸ್ಟ್ ಕೀ ಫೈಲನ್ನು ಕೊಟ್ಟರೆ ಎಸ್‌ಎಚ್‌ಎ256 ಎಂದು ಶುರುವಾಗುವ ಫಿಂಗರ್‌ಪ್ರಿಂಟ್ ಸಿಗುತ್ತದೆ. ಎಸ್‌ಎಸ್‌ಎಚ್ ಕೀಸ್ಕ್ಯಾನ್ ಎಂಬ ಕಮಾಂಡಿನಿಂದ ಕೀ ತಂದು ಫೈಲಿಗೆ ಹಾಕಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಅದು ನೆಟ್‌ವರ್ಕಿನಲ್ಲಿ ಎದುರಿಗೆ ಸಿಕ್ಕವರ ಕೀಯನ್ನೇ ತರುತ್ತದೆ. ಕನ್ಸೋಲಿನ ಫಿಂಗರ್‌ಪ್ರಿಂಟಿನ ಜೊತೆ ತಾಳೆ ನೋಡಿದ ಮೇಲೆಯೇ ಅದಕ್ಕೆ ಬೆಲೆ. ಇನ್ನೊಂದು ಸಣ್ಣ ವಿಷಯ: ಸರ್ವರ್ 22 ಬಿಟ್ಟು ಬೇರೆ ಪೋರ್ಟಿನಲ್ಲಿದ್ದರೆ ಫೈಲಿನಲ್ಲಿ ಹೆಸರನ್ನು ಚೌಕ ಆವರಣದೊಳಗೆ ಬರೆದು, ಕೋಲನ್ ಹಾಕಿ ಪೋರ್ಟ್ ಸಂಖ್ಯೆ ಬರೆಯಬೇಕು. ಇದು ಗೊತ್ತಿಲ್ಲದೆ, "ಕೀ ಹಾಕಿದ್ದೇನೆ, ಆದರೂ ನಿರಾಕರಿಸುತ್ತದೆ" ಎಂದು ಬೇಸತ್ತು ಆಟೋ ಆ್ಯಡ್‌ಗೆ ಮರಳುವವರು ಇದ್ದಾರೆ.

ಹತ್ತಾರು ಸರ್ವರುಗಳಿದ್ದರೆ? ಆಬ್ಜೆಕ್ಟ್ ಓರಿಯೆಂಟೆಡ್ ಆಗಿರುವುದರ ಲಾಭ ಇಲ್ಲಿ ಕಾಣುತ್ತದೆ. ಮೂಲ ಪಾಲಿಸಿ ಕ್ಲಾಸಿನಿಂದ ನಿಮ್ಮದೇ ಒಂದು ಕ್ಲಾಸ್ ಇಳಿಸಿ. ಬರೆಯಬೇಕಾದದ್ದು ಒಂದೇ ಮೆಥಡ್. ಅದಕ್ಕೆ ಕ್ಲೈಂಟ್, ಸರ್ವರಿನ ಹೆಸರು, ಬಂದ ಕೀ, ಈ ಮೂರು ಸಿಗುತ್ತವೆ. ಒಳಗೆ ಕೀಯ ಬೈಟುಗಳಿಗೆ ಎಸ್‌ಎಚ್‌ಎ256 ಹ್ಯಾಶ್ ಮಾಡಿ, ನಿಮ್ಮ ಸಂರಚನಾ ಫೈಲಿನಲ್ಲಿ ಆ ಹೆಸರಿನ ಎದುರು ಬರೆದಿಟ್ಟ ಫಿಂಗರ್‌ಪ್ರಿಂಟಿಗೆ ಹೋಲಿಸಿ. ತಾಳೆಯಾದರೆ ಸುಮ್ಮನೆ ಹಿಂತಿರುಗಿ, ಲೈಬ್ರರಿ ಅದನ್ನು ಒಪ್ಪಿಗೆ ಎಂದು ತಿಳಿಯುತ್ತದೆ. ತಾಳೆಯಾಗದಿದ್ದರೆ, ಅಥವಾ ಹೆಸರೇ ಇಲ್ಲದಿದ್ದರೆ, ಎಕ್ಸೆಪ್ಷನ್ ಎಬ್ಬಿಸಿ. ಪರದೆ ಮೇಲೆ ನೀವು ನೋಡಿದ ಹಾಗೆ ಹತ್ತು ಹನ್ನೆರಡು ಸಾಲು. ಎಸ್‌ಎಸ್‌ಎಚ್‌ಕ್ಲೈಂಟಿನ ಒಂದಕ್ಷರವನ್ನೂ ಮುಟ್ಟಬೇಕಾಗಿಲ್ಲ.

ಹೋಸ್ಟ್ ಕೀ ಪರೀಕ್ಷಿಸದೆ ಪಾಸ್‌ವರ್ಡಿನಿಂದ ಲಾಗಿನ್ ಆದರೆ ನಡುವೆ ಕೂತವನಿಗೆ ಪಾಸ್‌ವರ್ಡ್ ಇದ್ದ ಹಾಗೆಯೇ ಸಿಗುತ್ತದೆ, ಥೇಟ್ ಟೆಲ್‌ನೆಟ್ ಕಾಲದ ಹಾಗೆ. ಸಾರ್ವಜನಿಕ ಕೀ ಬಳಸಿದರೆ ಸ್ವಲ್ಪ ವಾಸಿ: ನಿಮ್ಮ ಸಹಿ ಆ ಸಂಪರ್ಕದ ಗುರುತಿಗೇ ಅಂಟಿಕೊಂಡಿರುವುದರಿಂದ ಅವನು ಅದನ್ನು ಒಯ್ದು ನಿಜವಾದ ಸರ್ವರಿಗೆ ತೋರಿಸಲಾರ. ಆದರೆ ತಾನೇ ಸರ್ವರ್ ಎಂದು ನಟಿಸಿ ನಿಮ್ಮ ಬ್ಯಾಕಪ್ ಫೈಲನ್ನು ಪೂರ್ತಿ ತೆಗೆದುಕೊಳ್ಳಬಲ್ಲ. ಸಂಘದ ಸದಸ್ಯರ ಹೆಸರು, ಸಾಲ, ಠೇವಣಿ ಎಲ್ಲ ಇರುವುದು ಅದರಲ್ಲೇ.

ಇದು ಪುಸ್ತಕದ ಮಾತು ಎನಿಸಿದರೆ 2023ರ ಮಾರ್ಚ್ 24ನ್ನು ನೆನೆಯಿರಿ. ಅಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಯನ್ನು ಬದಲಾಯಿಸಿತು. ಖಾಸಗಿ ಕೀ ಸ್ವಲ್ಪ ಹೊತ್ತು ಒಂದು ಸಾರ್ವಜನಿಕ ರೆಪಾಸಿಟರಿಯಲ್ಲಿ ಬಯಲಾಗಿತ್ತು ಎಂದು ಕಂಪನಿಯೇ ತಿಳಿಸಿತು. ಹಳೆಯ ಕೀಯನ್ನು ಸರಿಯಾಗಿ ಉಳಿಸಿಕೊಂಡಿದ್ದ ಯಂತ್ರಗಳಲ್ಲಿ ದೊಡ್ಡ ಎಚ್ಚರಿಕೆ ಬಂದು ಕೆಲಸ ನಿಂತಿತು. ಜನ ಕಂಪನಿಯ ಪ್ರಕಟಣೆ ಓದಿ, ಹೊಸ ಫಿಂಗರ್‌ಪ್ರಿಂಟ್ ತಾಳೆ ನೋಡಿ, ಹಳೆಯದನ್ನು ತೆಗೆದು ಮುಂದುವರಿದರು. ಅದು ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದ ದಿನ. ಪರೀಕ್ಷೆಯನ್ನು ಮುಚ್ಚಿಟ್ಟಿದ್ದ ಸ್ಕ್ರಿಪ್ಟುಗಳು ಮಾತ್ರ ಅಂದೂ ಏನೂ ಆಗದವರ ಹಾಗೆ ಓಡಿದವು. ಕೀ ಕದ್ದವನು ಎದುರಿಗಿದ್ದರೂ ಅವು ಹಾಗೆಯೇ ಓಡುತ್ತಿದ್ದವು.

ಕಮಾಂಡ್ ಓಡಿಸುವ ಭಾಗದಲ್ಲಿ ನಮ್ಮ ಹುಡುಗರು ಎಡವುವ ಜಾಗಗಳು ಕೆಲವು ಉಂಟು. ಎಕ್ಸೆಕ್ ಕಮಾಂಡ್ ಎಂಬ ಮೆಥಡ್ ಪ್ರತಿ ಸಲವೂ ಹೊಸ ಚಾನೆಲ್ ತೆರೆಯುತ್ತದೆ. ಮೊದಲ ಕರೆಯಲ್ಲಿ ಸಿಡಿ ಎಂದು ಫೋಲ್ಡರ್ ಬದಲಿಸಿದರೆ ಎರಡನೇ ಕರೆಗೆ ಅದು ಗೊತ್ತಿರುವುದಿಲ್ಲ. ಚಾನೆಲಿನ ಬಗ್ಗೆ ತಿಳಿದ ಮೇಲೆ ಇದು ಸಹಜ ಎನಿಸುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಕೊಡಿ, ಅಥವಾ ಪೂರ್ತಿ ಪಾತ್ ಬರೆಯಿರಿ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಡೇಟಾಬೇಸನ್ನು ಪೂರ್ತಿ ಬರೆದು ಕೊಡುವ ಡಂಪ್ ಕಮಾಂಡ್ ಕೊಟ್ಟು, ಔಟ್‌ಪುಟ್ ಓದುವ ಮೊದಲೇ ಎಕ್ಸಿಟ್ ಸ್ಟೇಟಸ್ (ಕಮಾಂಡ್ ಸರಿಯಾಗಿ ಮುಗಿಯಿತೇ ಎಂದು ಹೇಳುವ ಸಂಖ್ಯೆ, ಸೊನ್ನೆ ಎಂದರೆ ಸರಿ) ಕೇಳಿದರೆ ಕೆಲವೊಮ್ಮೆ ಸ್ಕ್ರಿಪ್ಟ್ ಅಲ್ಲಿಯೇ ಕೂತುಬಿಡುತ್ತದೆ. ಸಣ್ಣ ಡೇಟಾಬೇಸಿನಲ್ಲಿ ಸರಿಯಾಗಿ ಓಡಿದ್ದು ದೊಡ್ಡದರಲ್ಲಿ ನಿಲ್ಲುತ್ತದೆ. ಕಾರಣ ಹೀಗೆ. ಪ್ರತಿ ಚಾನೆಲಿಗೂ ಒಂದು ವಿಂಡೋ ಉಂಟು, ಅಂದರೆ ನಾವು ಓದದೆ ಇದ್ದರೆ ಸರ್ವರ್ ಎಷ್ಟು ಕಳಿಸಬಹುದು ಎಂಬ ಮಿತಿ. ಪ್ಯಾರಾಮಿಕೊದಲ್ಲಿ ಅದು ಸಾಮಾನ್ಯವಾಗಿ 20,97,152 ಬೈಟ್, ಅಂದರೆ 2 ಎಂಬಿ. ಅಷ್ಟು ತುಂಬಿದ ಮೇಲೆ ಸರ್ವರ್ "ನೀವು ಓದಿ, ಆಮೇಲೆ ಕಳಿಸುತ್ತೇನೆ" ಎಂದು ಕಾಯುತ್ತದೆ. ನಾವು "ನೀನು ಮುಗಿಸು, ಆಮೇಲೆ ಓದುತ್ತೇನೆ" ಎಂದು ಕಾಯುತ್ತೇವೆ. ಮೊದಲು ಪೂರ್ತಿ ಓದಿ, ಆಮೇಲೆ ಸ್ಟೇಟಸ್ ಕೇಳಿ. ಎರರ್ ಔಟ್‌ಪುಟ್ ಕೂಡ ಅದೇ ವಿಂಡೋದಲ್ಲೇ ಬರುವುದರಿಂದ, ಅದು ಹೆಚ್ಚು ಬರುವ ಕಮಾಂಡ್ ಆದರೆ ಎರಡನ್ನೂ ಒಂದಾಗಿ ಸೇರಿಸುವ ಮೆಥಡ್ ಚಾನೆಲಿನಲ್ಲೇ ಇದೆ, ಬಳಸಿ.

ಎರರ್ ಔಟ್‌ಪುಟಿನಲ್ಲಿ ಏನಾದರೂ ಬಂದರೆ ಕೆಲಸ ಕೆಟ್ಟಿತು, ಬರದಿದ್ದರೆ ಆಯಿತು ಎಂದು ತೀರ್ಮಾನಿಸುವವರೂ ಇದ್ದಾರೆ. ಮೈಎಸ್‌ಕ್ಯುಎಲ್ ಡಂಪ್ ಕಮಾಂಡಿಗೆ ಪಾಸ್‌ವರ್ಡನ್ನು ಸಾಲಿನಲ್ಲೇ ಕೊಟ್ಟರೆ ಅದು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಎರರ್ ಔಟ್‌ಪುಟಿಗೇ ಬರುತ್ತದೆ, ಆದರೂ ಡಂಪ್ ಸರಿಯಾಗಿರುತ್ತದೆ. ಅದೇ ಡಂಪನ್ನು ಪೈಪಿನಲ್ಲಿ ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಟ್ಟರೆ ಡಂಪ್ ಅರ್ಧಕ್ಕೆ ಸತ್ತರೂ ಎಕ್ಸಿಟ್ ಸ್ಟೇಟಸ್ ಸೊನ್ನೆ ಬರಬಹುದು, ಯಾಕೆಂದರೆ ಶೆಲ್ ಹೇಳುವುದು ಕೊನೆಯ ಕಮಾಂಡಿನ ಫಲಿತಾಂಶ. ಬ್ಯಾಶ್ ಆದರೆ ಪೈಪ್‌ಫೇಲ್ ಆಯ್ಕೆ ಹಾಕಿ. ಇಂಥ ಬ್ಯಾಕಪ್ ಖಾಲಿ ಎಂದು ಗೊತ್ತಾಗುವುದು ಅದು ಬೇಕಾದ ದಿನವೇ.

ಎಕ್ಸೆಕ್ ಕಮಾಂಡಿಗೆ ಕೊಡುವ ಸಾಲನ್ನು ಆ ಕಡೆಯ ಶೆಲ್ ಓದುತ್ತದೆ ಎಂಬುದನ್ನೂ ಮರೆಯಬಾರದು. ಬಳಕೆದಾರರು ಕೊಟ್ಟ ಫೈಲ್ ಹೆಸರನ್ನು ಹಾಗೆಯೇ ಸಾಲಿಗೆ ಅಂಟಿಸಿದರೆ, ಹೆಸರಿನೊಳಗೆ ಒಂದು ಅರ್ಧವಿರಾಮ ಚಿಹ್ನೆ ಇದ್ದರೆ ಸಾಕು, ಅದರ ಮುಂದಿನದ್ದೆಲ್ಲ ಹೊಸ ಕಮಾಂಡ್ ಆಗುತ್ತದೆ. ಪೈಥಾನ್‌ನ ಶೆಲೆಕ್ಸ್ ಮಾಡ್ಯೂಲಿನ ಕೋಟ್ ಎಂಬ ಫಂಕ್ಷನ್ ಇದಕ್ಕೆಂದೇ ಇದೆ. ಬರೀ ಫೈಲ್ ಕೆಲಸ ಆದರೆ ಶೆಲ್ ಬೇಡವೇ ಬೇಡ, ಎಸ್‌ಎಫ್‌ಟಿಪಿ ಆಬ್ಜೆಕ್ಟಿನಿಂದಲೇ ಮಾಡಿ.

ಕೀಗಳ ಬಗ್ಗೆ. ಹೊಸದಾಗಿ ಮಾಡುವುದಾದರೆ ಇಡಿ25519 ಮಾಡಿ. ಹಳೆಯ ಬಗೆಯಾದ ಡಿಎಸ್‌ಎಯನ್ನು 2025ರ ಏಪ್ರಿಲಿನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 10.0 ಪೂರ್ತಿ ತೆಗೆದುಹಾಕಿದೆ. ಕನೆಕ್ಟ್ ಮೆಥಡ್ ನೀವು ಕೊಟ್ಟ ಕೀಯನ್ನು ಮೊದಲು, ಆಮೇಲೆ ಎಸ್‌ಎಸ್‌ಎಚ್ ಏಜೆಂಟ್ ಎಂಬ, ಕೀಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪ್ರೋಗ್ರಾಮಿನಲ್ಲಿರುವವನ್ನು, ಆಮೇಲೆ ಮನೆ ಫೋಲ್ಡರಿನಲ್ಲಿ ಸಿಕ್ಕಿದವನ್ನು, ಕೊನೆಗೆ ಪಾಸ್‌ವರ್ಡನ್ನು ಪ್ರಯತ್ನಿಸುತ್ತದೆ. ಓಪನ್‌ಎಸ್‌ಎಸ್‌ಎಚ್ ಸರ್ವರ್ ಸಾಮಾನ್ಯವಾಗಿ 6 ಪ್ರಯತ್ನಕ್ಕೆ ಬಾಗಿಲು ಹಾಕುತ್ತದೆ. ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಏಜೆಂಟನ್ನೂ ಹುಡುಕುವುದನ್ನೂ ಆಫ್ ಮಾಡಿ, ಒಂದೇ ಕೀ ಕೊಡಿ. ಯಾವ ಕೀಯಿಂದ ಒಳಗೆ ಹೋದೆವು ಎಂಬುದರಲ್ಲಿ ಅನುಮಾನ ಉಳಿಯಬಾರದು. ಆ ಕಡೆ, ಒಳಗೆ ಬಿಡಬಹುದಾದ ಕೀಗಳ ಪಟ್ಟಿಯಾದ ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಕೀಯ ಮುಂದೆ ರಿಸ್ಟ್ರಿಕ್ಟ್ ಎಂದು ಬರೆದರೆ ಟರ್ಮಿನಲ್, ಫಾರ್ವರ್ಡಿಂಗ್ ಎಲ್ಲ ಬಂದ್ ಆಗುತ್ತದೆ. ಯಾವ ವಿಳಾಸದಿಂದ ಬರಬಹುದು ಎಂಬುದನ್ನೂ ಅಲ್ಲೇ ಬರೆಯಬಹುದು.

ಕೀ ಹುಟ್ಟುವ ಜಾಗವೂ ಮುಖ್ಯ. 2006ರಲ್ಲಿ ಡೆಬಿಯನ್ ಲಿನಕ್ಸಿನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಪ್ಯಾಕೇಜಿನಲ್ಲಿ ಮಾಡಿದ ಒಂದು ಬದಲಾವಣೆಯಿಂದ ಯಾದೃಚ್ಛಿಕತೆಗೆ ಉಳಿದದ್ದು ಪ್ರೋಸೆಸ್ ಸಂಖ್ಯೆ ಮಾತ್ರ. ಒಂದು ಬಗೆಯ ಯಂತ್ರ, ಒಂದು ಬಗೆಯ ಮತ್ತು ಅಳತೆಯ ಕೀ ಎಂದರೆ ಸಾಧ್ಯವಿದ್ದದ್ದು ಬರೀ 32,767 ಕೀ. 2008ರ ಮೇಯಲ್ಲಿ ಇದು ಬಹಿರಂಗವಾದಾಗ ಅಷ್ಟನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಪ್ರಯತ್ನಿಸುವುದು ಯಾರಿಗೂ ಸಾಧ್ಯವಾಯಿತು.

ಲೈಬ್ರರಿಯನ್ನೂ ಹೊಸದಾಗಿ ಇಟ್ಟುಕೊಳ್ಳಿ. 2018ರಲ್ಲಿ ಪ್ಯಾರಾಮಿಕೊದ ಸರ್ವರ್ ಭಾಗದಲ್ಲಿ ಲಾಗಿನ್ ಮುಗಿಯುವ ಮೊದಲೇ ಕೋರಿಕೆಗಳನ್ನು ಒಪ್ಪುವ ದೋಷ ಸಿಕ್ಕಿತು. 2023ರ ಡಿಸೆಂಬರಿನಲ್ಲಿ ಜರ್ಮನಿಯ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಟೆರಾಪಿನ್ ಎಂಬ ದಾಳಿಯನ್ನು ಪ್ರಕಟಿಸಿದರು. ಓಪನ್‌ಎಸ್‌ಎಸ್‌ಎಚ್ 9.6, ಪ್ಯಾರಾಮಿಕೊ 3.4 ಎರಡೂ ಅದಕ್ಕೆ ಪರಿಹಾರ ಸೇರಿಸಿದವು. ಆದರೆ ಎರಡು ಕಡೆಯೂ ಹೊಸತಾಗಿದ್ದರೆ ಮಾತ್ರ ಆ ಪರಿಹಾರ ಫಲ ಕೊಡುತ್ತದೆ.

ಇನ್ನು ನಮ್ಮ ಮಳೆಗಾಲ. ಜೂನ್ ಬಂದರೆ ಕರೆಂಟೂ ನೆಟ್ಟೂ ಹೋಗಿ ಬಂದು ಮಾಡುತ್ತವೆ. ಕನೆಕ್ಟ್‌ಗೆ ಟೈಮ್‌ಔಟ್ ಕೊಡದಿದ್ದರೆ ಸ್ಕ್ರಿಪ್ಟ್ ಸುಮ್ಮನೆ ಕಾಯುತ್ತಾ ಕೂರಬಹುದು. ಟ್ರಾನ್ಸ್‌ಪೋರ್ಟ್ ಆಬ್ಜೆಕ್ಟಿನಲ್ಲಿ ಕೀಪ್‌ಅಲೈವ್, ಅಂದರೆ ಸಂಪರ್ಕವನ್ನು ಜೀವಂತ ಇಡುವ ಸಂದೇಶ, 30 ಸೆಕೆಂಡಿಗೆ ಇಡಿ. ವಿತ್ ಎಂಬ ರಚನೆಯೊಳಗೆ ಬರೆದರೆ ಮಧ್ಯೆ ಏನೇ ಆದರೂ ಸಂಪರ್ಕ ಮುಚ್ಚಲ್ಪಡುತ್ತದೆ. ಫೈಲನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಕಳಿಸಿ, ಪೂರ್ತಿ ಹೋದ ಮೇಲೆ ನಿಜವಾದ ಹೆಸರಿಗೆ ಬದಲಿಸಿ. ಪುಟ್ ಮೆಥಡ್ ಕೊನೆಗೆ ಫೈಲಿನ ಗಾತ್ರವನ್ನು ತಾನೇ ತಾಳೆ ನೋಡುತ್ತದೆ, ಆದರೆ ಅರ್ಧಕ್ಕೆ ಕರೆಂಟು ಹೋದರೆ ಆ ಹಂತಕ್ಕೆ ಬರುವುದೇ ಇಲ್ಲ. ಹೆಸರು ಬದಲಿಸುವ ಪದ್ಧತಿ ಇದ್ದರೆ ಅರ್ಧ ಫೈಲನ್ನು ಯಾರೂ ಪೂರ್ತಿ ಬ್ಯಾಕಪ್ ಎಂದು ತಿಳಿಯುವುದಿಲ್ಲ.

ಸಭಿಕರ ಪ್ರಶ್ನೆಗಳು

"ಕಾಲೇಜಿನ ಲ್ಯಾಬಿನೊಳಗೇ ಇರುವ ಸರ್ವರಿಗೂ ಇಷ್ಟೆಲ್ಲ ಬೇಕಾ ಸರ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು.

ಬೇಕು ಮಾರಾಯ್ರೆ. 1995ರಲ್ಲಿ ಪಾಸ್‌ವರ್ಡ್ ಕದ್ದದ್ದು ಒಂದು ವಿಶ್ವವಿದ್ಯಾಲಯದ ನೆಟ್‌ವರ್ಕಿನೊಳಗೇ. ಹಾಸ್ಟೆಲ್, ಲ್ಯಾಬ್, ವೈಫೈ ಎಲ್ಲ ಒಂದೇ ನೆಟ್‌ವರ್ಕಿನಲ್ಲಿ ಇರುವ ಕಡೆ ನಡುವೆ ಬಂದು ಕೂರುವುದು ಹೊರಗಿನಿಂದ ಬಂದು ಕೂರುವುದಕ್ಕಿಂತ ಸುಲಭ. ಲ್ಯಾಬಿನಲ್ಲಿ ಫಿಂಗರ್‌ಪ್ರಿಂಟ್ ತಾಳೆ ನೋಡುವುದೂ ಸುಲಭ, ಸರ್ವರ್ ಪಕ್ಕದ ಕೋಣೆಯಲ್ಲೇ ಉಂಟಲ್ಲ.

"ಕ್ಲೌಡಿನಲ್ಲಿ ಸರ್ವರುಗಳು ದಿನಾ ಹುಟ್ಟಿ ಸಾಯುತ್ತವೆ, ಪ್ರತಿಯೊಂದಕ್ಕೂ ಹೊಸ ಕೀ. ಪಟ್ಟಿ ಇಟ್ಟುಕೊಳ್ಳುವುದು ಹೇಗೆ?" ಎಂಬುದು ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರ ಪ್ರಶ್ನೆ.

ಕ್ಲೌಡ್ ಇನಿಟ್ ಎಂಬ, ಹೊಸ ಯಂತ್ರವನ್ನು ಸಿದ್ಧಪಡಿಸುವ ಪ್ರೋಗ್ರಾಂ ಇರುವ ಯಂತ್ರ ಮೊದಲ ಸಲ ಎದ್ದಾಗ ತನ್ನ ಹೋಸ್ಟ್ ಕೀ ಫಿಂಗರ್‌ಪ್ರಿಂಟುಗಳನ್ನು ಕನ್ಸೋಲ್ ಲಾಗಿನಲ್ಲಿ ಬರೆಯುತ್ತದೆ. ಆ ಲಾಗನ್ನು ಕ್ಲೌಡ್ ಕಂಪನಿಯ ಎಪಿಐಯಿಂದ ಓದಿ, ನಾನು ಹೇಳಿದ ಸ್ವಂತ ಪಾಲಿಸಿ ಕ್ಲಾಸಿಗೆ ಕೊಡಬಹುದು. ಎಪಿಐ ಬೇರೆ ದಾರಿ, ಬೇರೆ ಗುರುತಿನಿಂದ ಬರುತ್ತದೆ, ಅದಕ್ಕೇ ಅದು ಸಾಕ್ಷಿಯಾಗುತ್ತದೆ. ಬರೀ ಓಪನ್‌ಎಸ್‌ಎಸ್‌ಎಚ್ ಬಳಸುವವರಿಗೆ 2010ರ 5.4 ಆವೃತ್ತಿಯಿಂದ ಪ್ರಮಾಣಪತ್ರದ ಸೌಲಭ್ಯವೂ ಉಂಟು: ನಿಮ್ಮ ಒಂದು ಕೀ ಎಲ್ಲ ಹೋಸ್ಟ್ ಕೀಗಳಿಗೆ ಸಹಿ ಹಾಕುತ್ತದೆ, ಕ್ಲೈಂಟುಗಳು ಆ ಒಂದನ್ನು ನಂಬಿದರೆ ಸಾಕು.

ಕೊನೆಗೆ ಕುಂದಾಪುರದ ಕಡೆಯ ಒಬ್ಬರು, ಒಂದು ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರು, ಕೇಳಿದರು: "ಸರ್ವರಿಗೆ ಹೊಸದಾಗಿ ಲಿನಕ್ಸ್ ಹಾಕಿದ ಕೂಡಲೇ ಎಲ್ಲ ಸ್ಕ್ರಿಪ್ಟೂ ಒಟ್ಟಿಗೆ ನಿಲ್ಲುತ್ತವೆ. ಆಗ ಬೆಳಗ್ಗೆ ಎಲ್ಲರೂ ನನಗೇ ಫೋನ್ ಮಾಡುವುದು. ಎಂತ ಮಾಡುವುದು?"

ಹೊಸದಾಗಿ ಹಾಕುವ ಮೊದಲು ಇಟಿಸಿ ಒಳಗಿನ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿರುವ ಹೋಸ್ಟ್ ಕೀ ಫೈಲುಗಳನ್ನು, ಖಾಸಗಿ ಮತ್ತು ಸಾರ್ವಜನಿಕ ಎರಡನ್ನೂ, ಗೂಢಲಿಪೀಕರಿಸಿದ ಒಂದು ಪೆನ್‌ಡ್ರೈವಿನಲ್ಲಿ ತೆಗೆದಿಡಿ. ಹೊಸ ಲಿನಕ್ಸ್ ಬಂದ ಮೇಲೆ ಅವನ್ನೇ ಅದೇ ಜಾಗಕ್ಕೆ ಹಾಕಿ, ಖಾಸಗಿ ಫೈಲುಗಳ ಒಡೆತನ ರೂಟ್‌ಗೆ, ಅನುಮತಿ 600 ಮಾಡಿ, ಸೇವೆಯನ್ನು ಮರುಪ್ರಾರಂಭಿಸಿ. ಸ್ಕ್ರಿಪ್ಟುಗಳಿಗೆ ಸರ್ವರ್ ಹಳೆಯದೇ ಎಂದು ಕಾಣುತ್ತದೆ, ಫೋನ್ ಬರುವುದಿಲ್ಲ. ಆದರೆ ಯಂತ್ರಕ್ಕೆ ಯಾರೋ ನುಗ್ಗಿದ್ದಾರೆ ಎಂಬ ಅನುಮಾನದಿಂದ ಹೊಸದಾಗಿ ಹಾಕುತ್ತಿದ್ದರೆ ಹಳೆಯ ಕೀಯನ್ನು ಮುಟ್ಟಬೇಡಿ. ಹೊಸ ಕೀ ಮಾಡಿ, ಕನ್ಸೋಲಿನಲ್ಲಿ ಫಿಂಗರ್‌ಪ್ರಿಂಟ್ ಓದಿ ಬರೆದುಕೊಂಡು, ಸ್ಕ್ರಿಪ್ಟ್ ಇರುವ ಪ್ರತಿ ಯಂತ್ರದ ಬಳಿಗೂ ನೀವೇ ಹೋಗಿ ಪಟ್ಟಿ ತಿದ್ದಿ ಬನ್ನಿ.